ನಿಸರ್ಗ ನಡಿಗೆಗೆ ಹೋಗಿ ಬಂದರೂ ಏನೂ ನೆನಪಿನಲ್ಲಿ ಉಳಿಯುವುದಿಲ್ಲ, ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಿಮ್ಮನ್ನು ನೋಡಿ ಅಲ್ಲ, ನನ್ನ ಹಳೆಯ ಅವತಾರ ನೆನೆದು. ನಿಸರ್ಗ ಗುಂಪಿಗೆ ಸ್ವಯಂಸೇವಕರಾಗಿ ಸೇರಿ ಆರು ತಿಂಗಳಾಗಿದೆ. ಗೈಡ್ ಜೊತೆ ಏಳೆಂಟು ನಡಿಗೆ ಮುಗಿಸಿದ್ದೀರಿ. ನೂರಾರು ಹೆಸರು ಕೇಳಿದ್ದೀರಿ, ಮನೆಗೆ ಬಂದರೆ ನಾಲ್ಕೂ ನೆನಪಿಲ್ಲ. ಮುಂದಿನ ವರ್ಷದಿಂದ ನೀವೇ ನಡಿಗೆ ನಡೆಸಬೇಕು ಎಂದು ಬೇರೆ ಹೇಳಿದ್ದಾರೆ. ಇಷ್ಟೇ ತಾನೇ?

ನಾನು ಹನ್ನೊಂದು ವರ್ಷದಿಂದ ಈ ಸಂಬಳವಿಲ್ಲದ ಕೆಲಸದಲ್ಲಿದ್ದೇನೆ. ನಿಮ್ಮ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಗೈಡ್ ಹೆಸರು ಹೇಳಿದ ತಕ್ಷಣ ನಾವು ನೋಡುವುದನ್ನು ನಿಲ್ಲಿಸುತ್ತೇವೆ. ಹೆಸರು ಸಿಕ್ಕಿತಲ್ಲ, ಮುಂದೆ ನಡೆಯೋಣ ಅನ್ನುತ್ತದೆ ಮನಸ್ಸು. ನೋಡದ ಪ್ರಾಣಿಯ ಹೆಸರು ಎಷ್ಟು ದಿನ ತಾನೇ ಉಳಿದೀತು?

ಮೊದಲ ವರ್ಷದ ಒಂದು ಕತೆ ಹೇಳುತ್ತೇನೆ. ಒಂದು ಹೂವಿನ ಗಿಡದ ಮುಂದೆ ಎಲ್ಲರೂ ನಿಂತಿದ್ದೆವು. ಹಳದಿ ಕಪ್ಪು ಪಟ್ಟೆಯ ಹುಳು ಬಂದು ಕೂತಿತು. ‘ಜೇನುಹುಳು’ ಎಂದು ನಾನು ಜೋರಾಗಿ ಹೇಳಿದೆ. ಪಕ್ಕದಲ್ಲಿದ್ದ ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ನಮ್ಮನ್ನು ಕರೆದುಕೊಂಡು ಹೋಗಿದ್ದ ಹಿರಿಯರು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ‘ರೆಕ್ಕೆ ಎಷ್ಟಿವೆ ನೋಡು’ ಎಂದರು. ಫೋಟೊ ತೆಗೆದು ದೊಡ್ಡದು ಮಾಡಿ ಎಣಿಸಿದೆ. ಎರಡೇ ಇದ್ದವು. ಜೇನಿಗೆ ನಾಲ್ಕಿರುತ್ತವೆ. ಮುಖದ ತುಂಬಾ ಕಣ್ಣು, ಮೀಸೆ ಮಾತ್ರ ಮೋಟು. ಅದು ಹೋವರ್‌ಫ್ಲೈ ಎಂಬ ನೊಣ. ಅದಕ್ಕೆ ಚುಚ್ಚುವ ಮುಳ್ಳೇ ಇಲ್ಲ. ಜೇನು, ಕಣಜಗಳ ವೇಷ ಹಾಕಿಕೊಂಡು ಹಕ್ಕಿಗಳಿಂದ ಪಾರಾಗುವ ಜೀವ. ಆ ದಿನ ಕೇಳಿದ ಮಿಕ್ಕ ಹೆಸರೆಲ್ಲ ಮರೆತುಹೋಗಿವೆ, ಇದೊಂದು ಹೋಗಿಲ್ಲ. ಮರ್ಯಾದೆ ಹೋದದ್ದಕ್ಕೋ ರೆಕ್ಕೆ ಎಣಿಸಿದ್ದಕ್ಕೋ, ಎರಡಕ್ಕೂ ಇರಬಹುದು.

ಹಾಗಾಗಿ ಮುಂದಿನ ನಡಿಗೆಗೆ ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ಸಿಲ್ ಒಯ್ಯಿರಿ. ಪೆನ್ನು ಬೇಡ, ಮಳೆಗೆ ಇಂಕು ಹರಡುತ್ತದೆ. ಹೆಸರು ಕೇಳುವ ಮೊದಲು ಮೂರು ಸಾಲು ಬರೆಯಿರಿ: ಹೇಗಿದೆ, ಎಲ್ಲಿದೆ, ಏನು ಮಾಡುತ್ತಿದೆ. ಆಮೇಲೆ ಗೈಡ್‌ಗೆ ಕೇಳಿ. ಆಗುವುದಾದರೆ ಚಿತ್ರವನ್ನೂ ಬಿಡಿಸಿ. ಕೆಟ್ಟದಾಗಿ ಬಂದರೂ ಪರವಾಗಿಲ್ಲ, ನನ್ನ ಹಕ್ಕಿಗಳೆಲ್ಲ ಇವತ್ತಿಗೂ ಆಲೂಗಡ್ಡೆಯಂತೆ ಇರುತ್ತವೆ. ಆದರೆ ಕೊಂಬೆ ಬಿಡಿಸಲು ಕೂತಾಗಲೇ ಎಲೆಗಳು ಜೋಡಿಯಾಗಿ ಎದುರುಬದುರು ಹುಟ್ಟಿವೆಯೋ, ಒಂದು ಈ ಕಡೆ ಒಂದು ಆ ಕಡೆ ಹುಟ್ಟಿವೆಯೋ ಎಂಬ ಪ್ರಶ್ನೆ ಏಳುವುದು. ಸಸ್ಯ ಗುರುತಿಸುವವರು ಮೊದಲು ನೋಡುವ ವಿಷಯಗಳಲ್ಲಿ ಅದೂ ಒಂದು.

ನೀವು ಕಲಿಕೆಯ ಚಟುವಟಿಕೆಗಳನ್ನೂ ಕೇಳಿದ್ದೀರಿ. ನಾನು ಮಾಡಿಸಿದ್ದರಲ್ಲಿ ಯಾವತ್ತೂ ಕೈಕೊಡದೇ ಇರುವುದು ಒಂದೇ: ದಾರ, ನಾಲ್ಕು ಕಡ್ಡಿ. ನೆಲದ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಮಾಡಿ, ಇಬ್ಬಿಬ್ಬರನ್ನು ಒಂದೊಂದು ಚೌಕದ ಮುಂದೆ ಅರ್ಧ ಗಂಟೆ ಕೂರಿಸಿ. ಮೊದಲ ಐದು ನಿಮಿಷ ‘ಇಲ್ಲೇನಿದೆ, ಬರೀ ಹುಲ್ಲು’ ಎಂಬ ಗೊಣಗಾಟ ಇದ್ದೇ ಇರುತ್ತದೆ. ಆಮೇಲೆ ಒಬ್ಬರಿಗೆ ಇರುವೆಗಳ ದಾರಿ ಕಾಣುತ್ತದೆ. ಇನ್ನೊಬ್ಬರಿಗೆ ಎಲೆಯ ಮೇಲೆ ಬಿಳಿ ಗೀಚು ಕಾಣುತ್ತದೆ. ಆ ಗೀಚನ್ನು ಲೆನ್ಸಿನಲ್ಲಿ ನೋಡಿ: ಒಂದು ತುದಿಯಲ್ಲಿ ಕೂದಲಿನಷ್ಟು ಸಣ್ಣ, ಹೋಗ್ತಾ ಹೋಗ್ತಾ ಅಗಲ. ಎಲೆಯ ಮೇಲ್ಪದರ ಕೆಳಪದರದ ನಡುವೆ ಒಂದು ಮರಿಹುಳು ತಿನ್ನುತ್ತಾ ಸುರಂಗ ಕೊರೆದಿದೆ. ಹುಳು ದಪ್ಪವಾದಂತೆ ಸುರಂಗವೂ ಅಗಲವಾಗಿದೆ. ಅದರ ಬಾಲ್ಯದಿಂದ ಇಲ್ಲಿಯವರೆಗಿನ ಕತೆ ಒಂದೇ ಎಲೆಯಲ್ಲಿ! ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಅರ್ಧಚಂದ್ರ ಕಂಡರೆ ಅದು ಎಲೆ ಕತ್ತರಿಸುವ ಜೇನಿನ ಕೆಲಸವಿರಬಹುದು. ಗೂಡಿಗೆ ಒಳಪದರ ಹಾಕಲು ಒಯ್ದಿರುತ್ತದೆ. ಇದನ್ನೆಲ್ಲ ನೀವು ಹೇಳಿಕೊಡಬೇಡಿ. ಅವರೇ ಕೂಗಿ ಕರೆಯುವವರೆಗೆ ಸುಮ್ನೆ ಇರಿ. ಸುಮ್ಮನಿರುವುದೇ ಕಷ್ಟ, ನನಗೆ ಅದನ್ನು ಕಲಿಯಲು ಮೂರು ವರ್ಷ ಬೇಕಾಯಿತು.

ರಾತ್ರಿ ಬಿಳಿ ಬಟ್ಟೆ ಕಟ್ಟಿ ದೀಪ ಹಾಕಿ ಪತಂಗ ನೋಡುವುದೂ ಚೆನ್ನಾಗಿರುತ್ತದೆ. ಮುಗಿದ ಮೇಲೆ ದೀಪ ಆರಿಸಿ ಬಟ್ಟೆ ಕೊಡವಿ. ಇಲ್ಲದಿದ್ದರೆ ಬೆಳಿಗ್ಗೆ ಹಕ್ಕಿಗಳಿಗೆ ಪುಕ್ಕಟೆ ಊಟ.

ಹೊಸ ಹೊಸ ಜಾಗಕ್ಕೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ನಾನಾದರೆ ಮೊದಲ ವರ್ಷ ಒಂದೇ ಜಾಗಕ್ಕೆ ಹನ್ನೆರಡು ಸಲ ಹೋಗಿ ಅನ್ನುತ್ತೇನೆ. ಹದಿನೆಂಟನೇ ಶತಮಾನದಲ್ಲಿ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ ಸ್ವೀಡನ್ನಿನ ಉಪ್ಸಾಲಾದ ಸುತ್ತ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತಿದ್ದದ್ದು ಗೊತ್ತುಮಾಡಿಟ್ಟ ಎಂಟು ದಾರಿಗಳಲ್ಲಿ. (ವಾಪಸ್ ಬರುವಾಗ ಕಹಳೆ, ನಗಾರಿ ಬಾರಿಸಿಕೊಂಡು ಬರುತ್ತಿದ್ದರಂತೆ. ನೀವು ಅದೊಂದನ್ನು ಬಿಟ್ಟುಬಿಡಿ.) ಅದೇ ಮರವನ್ನು ಹನ್ನೆರಡು ತಿಂಗಳು ನೋಡಿದರೆ ಚಿಗುರು, ಹೂವು, ಕಾಯಿ, ಅದಕ್ಕೆ ಬರುವ ಹುಳು, ಹುಳುವಿಗೆ ಬರುವ ಹಕ್ಕಿ, ಎಲ್ಲ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಹೆಸರುಗಳು ತಾವಾಗಿಯೇ ಬಂದು ಕೂರುತ್ತವೆ.

ಬರೆದಿಡುವಾಗ ದಿನ, ಹೊತ್ತು, ಜಾಗ, ಎಷ್ಟು ಕಂಡವು ಎಂಬುದನ್ನು ಬಿಡಬೇಡಿ. ಯಾಕೆ ಅನ್ನುತ್ತೀರಾ? ಜೋಸೆಫ್ ಗ್ರಿನೆಲ್ ಎಂಬುವರು 1908ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಶುರುವಾದ ಪ್ರಾಣಿ ಮ್ಯೂಸಿಯಂನ ಮೊದಲ ನಿರ್ದೇಶಕರು. ಅವರ ತಂಡ 1914ರಿಂದ 1920ರವರೆಗೆ ಕ್ಯಾಲಿಫೋರ್ನಿಯಾದ ಯೊಸೆಮಿಟಿಯ ಬೆಟ್ಟಗಳಲ್ಲಿ ಓಡಾಡಿ, ಯಾವ ಇಲಿ, ಯಾವ ಅಳಿಲು ಎಷ್ಟು ಎತ್ತರದಲ್ಲಿ ಸಿಕ್ಕಿತು ಎಂದು ಬರೆದಿಟ್ಟಿತು. ಸುಮಾರು 90 ವರ್ಷದ ಮೇಲೆ ಅದೇ ಮ್ಯೂಸಿಯಂನವರು ಆ ಟಿಪ್ಪಣಿ ಹಿಡಿದು ಅದೇ ಜಾಗಗಳಿಗೆ ಹೋದರು. ನೋಡಿದ 28 ಜಾತಿಗಳಲ್ಲಿ ಅರ್ಧದಷ್ಟು ಬೆಟ್ಟದ ಮೇಲಕ್ಕೆ ಸರಿದಿದ್ದವು, ಸರಾಸರಿ 500 ಮೀಟರ್‌ನಷ್ಟು. ವಾತಾವರಣ ಬಿಸಿಯಾಗಿದೆ ಎಂಬುದಕ್ಕೆ ಇಲಿಗಳೇ ಸಾಕ್ಷಿ. ‘ಇವತ್ತು ತುಂಬಾ ಇಲಿ ಸಿಕ್ಕವು’ ಎಂದಷ್ಟೇ ಬರೆದಿದ್ದರೆ ಯಾರಿಗೂ ಇದು ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಆ್ಯಪ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಂಡ ಗಿಡ, ಪ್ರಾಣಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್, ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಎರಡೂ ಒಳ್ಳೆಯವು. ಮನೆಗೆ ಬಂದ ಮೇಲೆ ಬಳಸಿ, ಹೊರಗಿರುವಾಗ ಕಣ್ಣು ಬಳಸಿ. ಫೋಟೊ ನೋಡಿ ಆ್ಯಪ್ ಕೊಡುವ ಹೆಸರು ಬರೀ ಊಹೆ. ಬೇರೆಯವರೂ ನೋಡಿ ಒಪ್ಪಿದ ಮೇಲೆ ಅದಕ್ಕೆ ತೂಕ. ಗೂಡು ಇರುವ ಜಾಗವನ್ನು, ಅಪರೂಪದ ಪ್ರಾಣಿ ಕಂಡ ಜಾಗವನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಬೇಡಿ.

ಇನ್ನು ನೀವೇ ನಡಿಗೆ ನಡೆಸುವ ವಿಷಯ. ಹತ್ತು ಹನ್ನೆರಡು ಜನಕ್ಕಿಂತ ಜಾಸ್ತಿ ಬೇಡ, ಹಿಂದಿದ್ದವರಿಗೆ ನಿಮ್ಮ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಹಿಂದಿನ ದಿನ ಒಬ್ಬರೇ ಆ ದಾರಿಯಲ್ಲಿ ಒಮ್ಮೆ ನಡೆದು ಬನ್ನಿ. ಎರಡು ಗಂಟೆಗೆ ಒಂದು ಕಿಲೋಮೀಟರ್ ಸಾಕೋ ಸಾಕು. ಒಂದು ನಡಿಗೆಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ‘ಈ ಹೂವಿಗೆ ಯಾರು ಯಾರು ಬರುತ್ತಾರೆ’ ಅಂದರೂ ಆದೀತು. ಕಲ್ಲು ಎತ್ತಿ ತೋರಿಸಿದರೆ ಇದ್ದ ಹಾಗೇ ಮೆಲ್ಲಗೆ ಇಡಿ, ಅದರಡಿ ಇರುವವರಿಗೆ ಅದೇ ಸೂರು. ಹಕ್ಕಿ ಕರೆಯಲು ಮೊಬೈಲಿನಲ್ಲಿ ಅದರ ಕೂಗು ಹಾಕಬೇಡಿ. ಅದು ಇನ್ಯಾರೋ ತನ್ನ ಜಾಗಕ್ಕೆ ನುಗ್ಗಿದ್ದಾರೆಂದು ಮರಿಗಳನ್ನು ಬಿಟ್ಟು ಜಗಳಕ್ಕೆ ಬರುತ್ತದೆ. ಗೊತ್ತಿಲ್ಲದ್ದನ್ನು ಕೇಳಿದರೆ ‘ಗೊತ್ತಿಲ್ಲ, ಬನ್ನಿ ನೋಡೋಣ’ ಅನ್ನಿ. ಒಮ್ಮೆ ನಾನು ಹೀಗಂದಾಗ ಇಡೀ ಗುಂಪು ಒಂದು ಅಣಬೆಯ ಸುತ್ತ ಇಪ್ಪತ್ತು ನಿಮಿಷ ಕೂತಿತ್ತು. ಹೆಸರು ಸಿಗಲಿಲ್ಲ. ಆ ನಡಿಗೆಯ ಬಗ್ಗೆ ಅವರು ಇವತ್ತಿಗೂ ಮಾತಾಡುತ್ತಾರೆ.

ಕೊನೆಗೆ ಬೈನಾಕ್ಯುಲರ್ ಯಾವುದು ಎಂದು ಕೇಳಿದ್ದೀರಿ. 8×42 ಎಂದು ಬರೆದಿರುವುದು ಸಾಕು: ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಹತ್ತು ಪಟ್ಟಿನದು ಕೈಯಲ್ಲಿ ಜಾಸ್ತಿ ಅಲುಗಾಡುತ್ತದೆ. ಆದರೆ ಮೊದಲು ಕೊಳ್ಳಬೇಕಾದ್ದು ಹತ್ತು ಪಟ್ಟಿನ ಕೈಲೆನ್ಸ್. ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಎಲೆಯನ್ನು ಲೆನ್ಸಿನ ಹತ್ತಿರ ತನ್ನಿ. ಶುರುವಿನಲ್ಲಿ ಎಲ್ಲರೂ ಉಲ್ಟಾ ಮಾಡಿ, ಏನೂ ಕಾಣುತ್ತಿಲ್ಲ ಅನ್ನುತ್ತಾರೆ.