ಮೂವರು ಮೂರು ಮಾತು ಹೇಳಿದರೆ ಯಾರದು ಕೇಳಲಿ?

ಪ್ರಶ್ನೆ: ಎರಡು ವರ್ಷದಿಂದ ಹವ್ಯಾಸಕ್ಕೆ ಫೋಟೊ ತೆಗೆಯುತ್ತಿದ್ದೇನೆ. ಮೊನ್ನೆ ಬೆಳಿಗ್ಗೆ ಕೆ.ಆರ್. ಮಾರ್ಕೆಟ್‌ನಲ್ಲಿ ಮಲ್ಲಿಗೆಯನ್ನು ಮೊಳ ಹಾಕುತ್ತಿದ್ದ ಅಜ್ಜಿಯ ಚಿತ್ರ ತೆಗೆದೆ. ಮನೆಯವರೆಲ್ಲ ‘ಸೂಪರ್’ ಅಂದರು. ಫೋಟೊ ಗೆಳೆಯರಿಗೆ ತೋರಿಸಿದರೆ ಒಬ್ಬರು ‘ಬಲಗಡೆ ಕ್ರಾಪ್ ಮಾಡು’, ಇನ್ನೊಬ್ಬರು ‘ಕ್ಯಾಮೆರಾ ಉದ್ದಕ್ಕೆ ಹಿಡಿಯಬೇಕಿತ್ತು’, ಮತ್ತೊಬ್ಬರು ‘ಬ್ಲ್ಯಾಕ್ ಅಂಡ್ ವೈಟ್ ಮಾಡಿಬಿಡು’ ಅಂದರು. ತಲೆ ಕೆಟ್ಟಿದೆ. ಚಿತ್ರ ಕಳಿಸಿದ್ದೇನೆ, ನೋಡಿ ಹೇಳಿ.
— ಓದುಗರು, ಬೆಂಗಳೂರು

ಉತ್ತರ: ಚಿತ್ರ ನೋಡಿದೆ. ನಿಮ್ಮ ಗೆಳೆಯರು ಹೇಳಿದ ಮದ್ದು ಮೂರು, ಕಾಯಿಲೆ ಒಂದೇ. ಅಜ್ಜಿಯ ಬಲಕ್ಕೆ, ಚೌಕಟ್ಟಿನ ಅಂಚಿನಲ್ಲಿ, ಬಿಸಿಲು ಬಿದ್ದ ನೀಲಿ ಟಾರ್ಪಾಲು ಇದೆಯಲ್ಲ, ಅದು. ಚಿತ್ರದಲ್ಲಿ ಎಲ್ಲಕ್ಕಿಂತ ಬೆಳಗಿರುವುದು ಅದೇ ಆದ್ದರಿಂದ ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ. ಒಬ್ಬರು ಅದನ್ನು ಕತ್ತರಿಸಹೊರಟರು, ಒಬ್ಬರು ಚೌಕಟ್ಟಿನಿಂದ ಹೊರಗಿಡಹೊರಟರು, ಮತ್ತೊಬ್ಬರು ಅದರ ಬಣ್ಣ ಕಳೆಯಹೊರಟರು. ಅವರ ಕಣ್ಣು ಎಲ್ಲಿ ತೊಡರಿತು ಎಂಬುದನ್ನು ನಂಬಿ. ಪರಿಹಾರ ಮಾತ್ರ ನೀವೇ ಹುಡುಕಬೇಕು, ಏಕೆಂದರೆ ಆ ಜಾಗದಲ್ಲಿ ನಿಂತವರು ನೀವು.

ಬಲಗಡೆ ಕತ್ತರಿಸಿ ನೋಡಿದೆ. ಟಾರ್ಪಾಲಿನ ಜೊತೆಗೆ ಅಜ್ಜಿಯ ಮೊಣಕೈಯೂ ಹೋಯಿತು! ಮೊಳ ಎಂದರೆ ಮೊಣಕೈಯಿಂದ ಬೆರಳ ತುದಿವರೆಗಿನ ಅಳತೆ. ಮೊಣಕೈ ಇಲ್ಲದ ಮೇಲೆ ಅದು ಬರೀ ಹೂವು ಹಿಡಿದ ಕೈ. ಅಡ್ಡ ಚಿತ್ರದಿಂದ ಉದ್ದ ಚಿತ್ರ ಕತ್ತರಿಸಿದರೆ ನಷ್ಟ ಇನ್ನೂ ದೊಡ್ಡದು: 3:2 ಅಳತೆಯ 24 ಮೆಗಾಪಿಕ್ಸೆಲ್ ಚಿತ್ರದಲ್ಲಿ 11 ಮೆಗಾಪಿಕ್ಸೆಲ್ ಕೂಡ ಉಳಿಯುವುದಿಲ್ಲ. ಕಪ್ಪು ಬಿಳುಪು ಮಾಡಿದರೆ ನೀಲಿ ಹೋಗಿ ಅಲ್ಲೊಂದು ಬಿಳಿ ತುಂಡು ಕೂರುತ್ತದೆ, ಹಿಂದಿನ ಸೇವಂತಿಗೆ ರಾಶಿಯ ಹಳದಿಯೂ ಸುಮ್ಮನೆ ದಂಡ.

ನಾನಾಗಿದ್ದರೆ ಎರಡು ಹೆಜ್ಜೆ ಮುಂದೆ ಹೋಗಿ, ಕೈ ಎತ್ತಿ, ಕ್ಯಾಮೆರಾವನ್ನು ತಲೆಯ ಮೇಲಿಂದ ಕೆಳಮುಖ ಮಾಡುತ್ತಿದ್ದೆ. ಟಾರ್ಪಾಲು ಮೇಲಂಚಿನಿಂದ ಆಚೆ ಸರಿದು ಸೇವಂತಿಗೆ ರಾಶಿಯೇ ಹಿನ್ನೆಲೆಯಾಗುತ್ತದೆ. ಮಾರ್ಕೆಟ್‌ನ ಮಹಡಿಯಿಂದ ಹೂವಿನ ಚಿತ್ರ ತೆಗೆಯಲು ಅಷ್ಟೊಂದು ಜನ ಮುಗಿಬೀಳುವುದೂ ಇದಕ್ಕೇ. ಮೇಲಿನಿಂದ ನೋಡಿದರೆ ಗಲೀಜು ಹಿನ್ನೆಲೆಯ ಕಾಟ ಕಡಿಮೆ.

ಇನ್ನು ಅಭಿಪ್ರಾಯ ಕೇಳುವ ರೀತಿ. ‘ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂತಲೇ ಉತ್ತರ ಬರುವುದು. ‘ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ?’ ಎಂದು ಕೇಳಿ. ಅಜ್ಜಿ ಯಾರು, ಎಷ್ಟು ಹೊತ್ತಿಗೆ ಎದ್ದು ಹೋದಿರಿ ಎಂಬ ಕಥೆಯನ್ನೆಲ್ಲ ಮುಂಚೆ ಹೇಳಬೇಡಿ; ಚಿತ್ರದಲ್ಲಿ ಇಲ್ಲದ್ದನ್ನು ನಿಮ್ಮ ಮಾತು ತುಂಬಿಕೊಟ್ಟುಬಿಡುತ್ತದೆ. ಅದೇ ದೃಶ್ಯದ ನಾಲ್ಕೈದು ಫ್ರೇಮುಗಳನ್ನು ಕತ್ತರಿಸದೆ, 4x6 ಇಂಚಿನ ಪ್ರಿಂಟ್ ಹಾಕಿಸಿ ಮೇಜಿನ ಮೇಲೆ ಹರಡಿ. ಯಾವುದನ್ನು ಕೈಗೆತ್ತಿಕೊಳ್ಳುತ್ತಾರೆ ನೋಡಿ. ‘ರೂಲ್ ಆಫ್ ಥರ್ಡ್ಸ್ ತಪ್ಪಿದೆ’ ಎಂದು ಯಾರಾದರೂ ಅಂದೇ ಅನ್ನುತ್ತಾರೆ (ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಮುಖ್ಯವಾದದ್ದನ್ನು ಆ ಗೆರೆಗಳ ಮೇಲಿಡಬೇಕೆಂಬ ನಿಯಮ ಅದು). ಅದರಿಂದ ಈ ಚಿತ್ರಕ್ಕೆ ಏನು ಕೆಟ್ಟಿದೆ ಎಂದು ಮರಳಿ ಕೇಳಿ. ಹೇಳಲಾಗದಿದ್ದರೆ ಬಿಟ್ಟುಬಿಡಿ.

ಬೇರೆಯವರ ಚಿತ್ರಕ್ಕೂ ನೀವು ಅಭಿಪ್ರಾಯ ಹೇಳಬೇಕು. ನಾನು ಕಲಿತದ್ದು ಹೆಚ್ಚಾಗಿ ಹಾಗೆಯೇ. ಗೆಳೆಯನ ಚಿತ್ರದಲ್ಲಿ ಮದುಮಗನ ತಲೆಯಿಂದ ಟ್ಯೂಬ್‌ಲೈಟ್ ಮೊಳೆತಿದೆ ಎಂದು ಒಂದು ಸಂಜೆಯೆಲ್ಲ ನಕ್ಕಿದ್ದೆ. ಮನೆಗೆ ಬಂದು ನನ್ನ ಆಲ್ಬಂ ತೆರೆದರೆ ಅಲ್ಲಿ ಕಂಬ, ಕೊಂಬೆ, ಒಂದು ಕಡೆ ಸೀಲಿಂಗ್ ಫ್ಯಾನು. ಒಬ್ಬಿಬ್ಬರು ಗೆಳೆಯರಷ್ಟೇ ಸಾಲದು ಅನ್ನಿಸಿದರೆ ನಿಮ್ಮ ಊರಿನಲ್ಲೇ 1971ರಲ್ಲಿ ಶುರುವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇದೆ.

ಈ ಚಿತ್ರವನ್ನು ಸರಿಮಾಡುತ್ತ ಕೂರಬೇಡಿ. ಇನ್ನೊಂದು ಬೆಳಿಗ್ಗೆ ಅಲ್ಲಿಗೇ ಹೋಗಿ, ಬಿಸಿಲು ಟಾರ್ಪಾಲಿಗೆ ಬೀಳುವ ಮೊದಲು. ಹೋಗುವಾಗ ಅಜ್ಜಿಗೂ ಒಂದು ಪ್ರಿಂಟ್ ಒಯ್ಯಿರಿ, ಮೊಣಕೈ ಇರುವುದನ್ನು.