ಮೊದಲನೇ ಮಹಾಯುದ್ಧದಲ್ಲಿ, 1917ರ ಏಪ್ರಿಲ್‌ನಲ್ಲಿ, ಬ್ರಿಟಿಷ್ ವೈಮಾನಿಕರು ಅಷ್ಟೊಂದು ಜನ ಸತ್ತಿದ್ದು ಯಾಕೆ?

ನಿಧಾನದ, ಹಳೇ ವಿಮಾನಗಳಲ್ಲಿ ಶತ್ರುವಿನ ತಲೆ ಮೇಲೆ ಹೋಗಿ ಫೋಟೊ ತೆಗೆದು ಬರಬೇಕಿತ್ತು, ಅದಕ್ಕೆ. ಫ್ರಾನ್ಸಿನ ಅರಾಸ್ ಕದನದಲ್ಲಿ ಫಿರಂಗಿ ಎಲ್ಲಿಗೆ ಹೊಡೆಯಬೇಕು ಅಂತ ತಿಳಿಯಲು ಆ ಫೋಟೊ ಬೇಕೇಬೇಕಿತ್ತು. ಆ ಒಂದೇ ತಿಂಗಳಲ್ಲಿ ಬ್ರಿಟಿಷರು ಸುಮಾರು 245 ವಿಮಾನ ಕಳೆದುಕೊಂಡರು. ಸತ್ತವರು, ಕಾಣೆಯಾದವರು ಸೇರಿ 200ಕ್ಕೂ ಜಾಸ್ತಿ.

ವಿಚಿತ್ರ ಅಂದರೆ, ಅವರ ಬಿ.ಇ.2 ವಿಮಾನದ ಒಳ್ಳೆಯ ಗುಣವೇ ಅದಕ್ಕೆ ಮುಳುವಾಯಿತು. ಅಲುಗಾಡದೆ ನೆಟ್ಟಗೆ ಹಾರಲಿ ಅಂತಲೇ ಅದನ್ನು ಮಾಡಿದ್ದು. ಫೋಟೊ ತೆಗೆಯಲು ಅದು ಸರಿ. ಆದರೆ ಶತ್ರು ಬೆನ್ನು ಹತ್ತಿದಾಗ ಸರ್ರನೆ ತಿರುಗಲು ಆಗುತ್ತಿರಲಿಲ್ಲ. ಗನ್ ಹಿಡಿದವನ ಪಾಡು ಇನ್ನೂ ಕಷ್ಟ. ಅವನು ಮುಂದಿನ ಸೀಟಿನಲ್ಲಿ, ಪೈಲಟ್ ಅವನ ಹಿಂದಿನ ಸೀಟಿನಲ್ಲಿ. ಎದುರಿಗೆ ಪ್ರೊಪೆಲ್ಲರ್, ಅಕ್ಕಪಕ್ಕ ರೆಕ್ಕೆಯ ಕಂಬ, ತಂತಿ. ಹಿಂದಕ್ಕೆ ಗುಂಡು ಹಾರಿಸಬೇಕಾದರೆ ಪೈಲಟ್ ತಲೆ ಮೇಲಿಂದಲೇ ಹಾರಿಸಬೇಕು! ಅತ್ತ ಜರ್ಮನರ ಆಲ್ಬಟ್ರಾಸ್ ಯುದ್ಧವಿಮಾನದಲ್ಲಿ ಎರಡು ಮಷಿನ್ ಗನ್, ವೇಗವೂ ಜಾಸ್ತಿ. ಜರ್ಮನ್ ಪೈಲಟ್ ಮಾನ್‌ಫ್ರೆಡ್ ಫಾನ್ ರಿಕ್ಟ್‌ಹೋಫೆನ್ ಒಬ್ಬನ ಲೆಕ್ಕಕ್ಕೇ ಆ ತಿಂಗಳು 21 ವಿಮಾನ ಬಿದ್ದವು.

ಗಾಳಿಯೂ ಬ್ರಿಟಿಷರ ಕಡೆ ಇರಲಿಲ್ಲ. ಅಲ್ಲಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಹಾಗಾಗಿ ಎಂಜಿನ್ ಕೆಟ್ಟ ವಿಮಾನ ಜರ್ಮನರ ಕಡೆಗೇ ತೇಲುತ್ತಿತ್ತು. ಬೆಂಕಿ ಹತ್ತಿದರೆ ಹಾರಿಕೊಳ್ಳೋಣ ಅಂದರೆ ಪ್ಯಾರಾಚೂಟ್ ಇಲ್ಲ. ಬಲೂನಿನಲ್ಲಿ ಕೂತು ಕಾವಲು ನೋಡುವವರಿಗೆ ಕೊಟ್ಟಿದ್ದರು, ವಿಮಾನದವರಿಗೆ ಕೊಟ್ಟಿರಲಿಲ್ಲ. ಸತ್ತವರ ಜಾಗಕ್ಕೆ ಬಂದ ಎಷ್ಟೋ ಹುಡುಗರು ಇನ್ನೂ ಸರಿಯಾಗಿ ಇಳಿಸುವುದನ್ನೇ ಕಲಿಯುತ್ತಿದ್ದರು.