‘ಅಪ್ಪ ಬರೆದ್ರೆ ಜಗಳ ಆಗುತ್ತೆ’

ಪಿಯುಸಿ ಫಲಿತಾಂಶ ಬಂತೆಂದರೆ ಶಿವಮೊಗ್ಗದಲ್ಲಿ ಮಕ್ಕಳಿಗೆ ಮುಂದಿನ ಓದಿನ ಸಲಹೆ ಕೊಡುವ ನನ್ನ ಕೊಠಡಿಯಲ್ಲಿ ಪ್ರತಿ ವರ್ಷ ಇದೇ ಮಾತು: ‘ನಂಗೆ ಎಂತದೂ ಬರಲ್ಲ ಮೇಡಂ.’ ಈ ಹುಡುಗಿಯೂ ಹಾಗೇ ಶುರು ಮಾಡಿದಳು. ಸುಮಾ ಎನ್ನೋಣ, ನಿಜವಾದ ಹೆಸರಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಸೈನ್ಸ್ ಓದಿದ್ದಳು, ಗಣಿತದಲ್ಲಿ ಹೇಗೋ ಪಾಸ್. ಬೆಂಗಳೂರಿನ ಚಿಕ್ಕಪ್ಪ ಕಂಪ್ಯೂಟರ್ ಸೈನ್ಸ್ ಎಂದು ಹಟ ಹಿಡಿದಿದ್ದರು.

ಏನಿಷ್ಟ ಎಂದು ಕೇಳಿದರೆ ಉತ್ತರವಿಲ್ಲ. ಎರಡನೇ ಸಲ ಬಂದಾಗ ಪ್ರಶ್ನೆ ಬದಲಿಸಿದೆ. ‘ನೀನು ಊರಲ್ಲಿಲ್ಲದಿದ್ರೆ ಮನೇಲಿ ಯಾವ ಕೆಲಸ ಕೆಡುತ್ತೆ?’

‘ಅಡಿಕೆ ಸುಲಿಯೋರ ಲೆಕ್ಕ. ಅಪ್ಪ ಬರೆದ್ರೆ ಜಗಳ ಆಗುತ್ತೆ.’

‘ನೀನು ಬರೆದ್ರೆ?’

‘ಆಗಲ್ಲ. ಅಪ್ಪ ವಾರದ ಕೊನೆಗೆ ನೆನಪಿನಿಂದ ಬರೀತಾರೆ. ನಾನು ಅವತ್ತೇ, ಅಳೆದ ಕೂಡಲೇ, ಅವರೆದುರೇ ಬರೆದು ಓದಿ ಹೇಳ್ತೀನಿ. ಮುಂಗಡ ತಗೊಂಡವರದ್ದು ಬೇರೆ ಪುಸ್ತಕ. ಅದನ್ನು ಎಲ್ಲರೆದುರು ಓದಲ್ಲ, ಅವರಿಗೆ ಬೇಜಾರಾಗುತ್ತೆ ಅಲ್ವಾ?’

ಇದೇ ನಿನ್ನ ಕೌಶಲ ಎಂದೆ. ನಕ್ಕುಬಿಟ್ಟಳು. ‘ಅದು ಮನೆ ಕೆಲಸ ಮೇಡಂ!’

ಲೆಕ್ಕ ತಪ್ಪದಂತೆ ಇಡುವುದು, ದುಡ್ಡಿನ ವಿಷಯದಲ್ಲಿ ಜನರ ನಂಬಿಕೆ ಗಳಿಸುವುದು, ಯಾವುದನ್ನು ಗುಟ್ಟಾಗಿಡಬೇಕೆಂದು ತಿಳಿದಿರುವುದು. ಲೆಕ್ಕಪತ್ರದ ಕಚೇರಿಗಳಲ್ಲಿ ಇದಕ್ಕೇ ಸಂಬಳ ಕೊಡುತ್ತಾರೆ. ನಾನೇ ಕೊಟ್ಟಿದ್ದ ಆಪ್ಟಿಟ್ಯೂಡ್ (ಸಾಮರ್ಥ್ಯ ಅಳೆಯುವ) ಪರೀಕ್ಷೆಯಲ್ಲಿ ಇವಳ ಅಂಕಿ ಸಾಮರ್ಥ್ಯ ‘ಸಾಧಾರಣ’ ಎಂದು ಬಂದಿತ್ತು. ಗಡಿಯಾರ ಇಟ್ಟು ಮಾಡಿಸುವ ಪರೀಕ್ಷೆಯಲ್ಲಿ ಈ ಮುಂಗಡದ ಪುಸ್ತಕ ಎಲ್ಲಿ ಸಿಗಬೇಕು!

ಹಾಗಂತ ತಕ್ಷಣ ಬಿ.ಕಾಂ. ಸೇರು ಎನ್ನಲಿಲ್ಲ. ಮನೆಯವರ ನಡುವೆ ಇರುವ ಜಾಣತನ ಹೊರಗೂ ನಡೆಯುತ್ತದಾ, ಅದನ್ನು ದಿನವಿಡೀ ಮಾಡಲು ಮನಸ್ಸು ಒಪ್ಪುತ್ತದಾ, ಎರಡೂ ಗೊತ್ತಾಗಬೇಕು. ಕಾಲೇಜು ಶುರುವಾಗುವವರೆಗೆ ಪರಿಚಯದ ಆಡಿಟರ್ ಕಚೇರಿಗೋ ಊರಿನ ಸಹಕಾರ ಸಂಘಕ್ಕೋ ಹೋಗಿ ಸುಮ್ನೆ ಕೂತು ನೋಡು, ವೋಚರ್ (ಖರ್ಚಿನ ಚೀಟಿ) ಜೋಡಿಸಿಕೊಡು, ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಕಲಿ ಎಂದೆ. ಮನೆಯ ಆ ಪುಸ್ತಕವನ್ನೇ ಜಮಾ-ಖರ್ಚಿನ ಪದ್ಧತಿಯಲ್ಲಿ ಹೊಸದಾಗಿ ಬರೆಯಲು ಹೇಳಿದೆ. ಬೇಸರ ಬಂದರೆ ನನಗೆ ಹೇಳಲೇಬೇಕು, ಅದು ಷರತ್ತು.

ಬೇಸರ ಬರಲಿಲ್ಲ. ಬಿ.ಕಾಂ. ಎಂದಾಯಿತು. ಚಿಕ್ಕಪ್ಪನ ಫೋನ್ ಬಂತು. ‘ಸೈನ್ಸ್ ಓದಿದವಳನ್ನು ಕಾಮರ್ಸ್‌ಗೆ ತಳ್ಳಿದ್ರಲ್ಲ, ಎರಡು ವರ್ಷ ದಂಡ.’ ಅವಳು ಹೆದರುತ್ತಿದ್ದ ಗಣಿತವನ್ನೇ ಇನ್ನೂ ನಾಲ್ಕು ವರ್ಷ ಹೊರಿಸುವುದು ಲಾಭವೇ ಎಂದು ಕೇಳಿದೆ. ಚಾರ್ಟರ್ಡ್ ಅಕೌಂಟೆಂಟ್ ಆಗುವ ಹಾದಿಯ ಮೊದಲ ಪರೀಕ್ಷೆ ಸಿಎ ಫೌಂಡೇಶನ್‌ಗೆ ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ನಡೆಯುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಸುಲಭವೆಂದೂ ಹೇಳಲಿಲ್ಲ: 4 ಪೇಪರ್, ಪ್ರತಿಯೊಂದರಲ್ಲೂ ಕನಿಷ್ಠ 40, ಒಟ್ಟು ಶೇ. 50 ಬೇಕು. ಅದರಲ್ಲೂ ಗಣಿತದ ಒಂದು ಪೇಪರ್ ಇದೆ. ಅದು ಆಗದಿದ್ದರೂ ಬಿ.ಕಾಂ. ಕೈಯಲ್ಲಿರುತ್ತದೆ.

ಸುಮಾ ಈಗ ಬಿ.ಕಾಂ. ಓದುತ್ತಿದ್ದಾಳೆ, ಫೌಂಡೇಶನ್‌ಗೂ ಹೆಸರು ಕೊಟ್ಟಿದ್ದಾಳೆ. ಚಿಕ್ಕಪ್ಪನಿಗೆ ಇನ್ನೂ ಸಮಾಧಾನವಿಲ್ಲ.